ಬಿಳಿ ಅಂಚಿನ ಎಲೆ

"ಹೂ ಬೇಡ, ಎಲೇನೇ ಬೆಳ್ಳಗಿರೋ ಗಿಡ ಕೊಡಿ," ಎಂದೆ. "ಹೂವಾದ್ರೆ ಉದುರಿಹೋಗತ್ತೆ. ನಮ್ಮತ್ತೆಗೆ ದಿನಾ ಕಾಣಬೇಕು."

ನರ್ಸರಿಯಾಕೆ ಕೈಯ ಮಣ್ಣು ಒರೆಸಿಕೊಳ್ಳುತ್ತಾ ಕೇಳಿದಳು, "ಬಿಸಿಲು ಬೀಳತ್ತಾ ಅಲ್ಲಿ?"

"ಸ್ವಲ್ಪ ಬೀಳತ್ತೆ."

ಸುಳ್ಳು. ಪಕ್ಕದಲ್ಲಿ ಮೂರಂತಸ್ತಿನ ಕಟ್ಟಡ ಎದ್ದ ಮೇಲೆ ನಮ್ಮ ಹಿತ್ತಲಿಗೆ ಬಿಸಿಲೇ ಇಲ್ಲ. ನಿಜ ಹೇಳಿದರೆ ಗಿಡ ಕೊಡಲಾರಳೆಂಬ ಭಯ.

ಅತ್ತೆಯ ಕಣ್ಣಿಗೆ ಇನ್ನು ಮಾಡುವಂಥದ್ದೇನಿಲ್ಲ, ತೀರಾ ಬಿಳಿಯದು ಮಾತ್ರ ಕೆಲವು ದಿನ ಕಂಡೀತು ಎಂದಿದ್ದರು ಡಾಕ್ಟರು. ಹಿತ್ತಲ ಬಾಗಿಲಿನಿಂದ ಗೋಡೆ ಬದಿಯ ಕಲ್ಲುಬೆಂಚಿನವರೆಗೆ ಯಾರ ಕೈಯೂ ಹಿಡಿಯದೆ ನಡೆಯುವುದೊಂದೇ ಅವರು ಉಳಿಸಿಕೊಂಡಿದ್ದ ಹಟ. ಆ ದಾರಿಯುದ್ದಕ್ಕೂ ಬಿಳಿ ಅಂಚಿನ ಎಲೆಯ ಆರು ಪೊದೆ ನೆಟ್ಟೆ.

"ಅಂತೂ ಒಂದನ್ನ ಸರಿಯಾಗಿ ಆರಿಸಿದೆ ಕಣೇ," ಎಂದರು ಅತ್ತೆ. ಪರದೆ, ಪಾತ್ರೆ, ಚಪ್ಪಲಿ, ನಾನು ಏನು ತಂದರೂ "ಕಣ್ಣಿರಲಿಲ್ವೇನೇ ನಿಂಗೆ?" ಎನ್ನುತ್ತಿದ್ದವರು. ಮದುವೆಯಾದ ಇಪ್ಪತ್ತಾರು ವರ್ಷಕ್ಕೆ ಮೊದಲ ಶಭಾಷ್‌ಗಿರಿ. ಒಳಗೆ ಹೋಗಿ ಸಿಂಕಿನ ಮುಂದೆ ನಿಂತು ಒಬ್ಬಳೇ ನಕ್ಕೆ.

ಮೂರು ತಿಂಗಳಲ್ಲಿ ಹೊಸ ಚಿಗುರೆಲ್ಲ ಬರೀ ಹಸಿರಾಗಿ ಬಂತು. ಬಿಳಿ ಅಂಚಿನ ಹಳೆಯ ಎಲೆಗಳು ಒಂದೊಂದಾಗಿ ಉದುರಿದವು. ನರ್ಸರಿಗೆ ಓಡಿದೆ.

"ನೆರಳು ಜಾಸ್ತಿಯಾದ್ರೆ ಹೀಗೇ ಅಕ್ಕ. ಅದೂ ಬದುಕಬೇಕಲ್ಲ, ಬಿಳೀನ ಬಿಟ್ಟುಬಿಡತ್ತೆ. ಬಿಸಿಲಿದೆ ಅಂದ್ರಲ್ಲ?"

ನೆರಳಲ್ಲೂ ಮೈತುಂಬ ಬಿಳಿ ಹೂ ಬಿಡುವ ಪುಟ್ಟ ಪೊದೆಯೊಂದನ್ನು ಕುಂಡ ಸಮೇತ ತಂದು, ಕಾಣಲೇಬೇಕೆಂದು ಬೆಂಚಿನ ಮುಂದೆಯೇ ಇಟ್ಟೆ.

ಸಂಜೆ ಅತ್ತೆ ಹಿತ್ತಲಿಗೆ ಬಂದರು. "ಇವತ್ತೂ ಎಷ್ಟು ಬೆಳ್ಳಗಿದೆ ನೋಡೇ ನಿನ್ನ ಗಿಡ," ಎಂದು ಆ ಹಸಿರು ಪೊದೆಗಳತ್ತಲೇ ಕೈ ಬೀಸಿದರು. ಆಮೇಲೆ ಅವರ ತುಟಿ ಅಲುಗತೊಡಗಿತು. ಏಳು, ಎಂಟು, ಒಂಬತ್ತು. ಹೆಜ್ಜೆ ಎಣಿಸುತ್ತಿದ್ದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಕುಂಡಕ್ಕೆ ಕಾಲು ತಗಲಿತು. ಮುಗ್ಗರಿಸಿ ಬೆಂಚು ಹಿಡಿದುಕೊಂಡರು. ಬಗ್ಗಿ ತಡವಿದರು, ಬೆರಳಿಗೆ ಹೂ ಸಿಕ್ಕಿತು.

"ಯಾರೇ ಇದನ್ನ ದಾರೀಲಿಟ್ಟಿದ್ದು? ಕಣ್ಣಿರಲಿಲ್ವೇನೇ..." ಮಾತು ಅಲ್ಲಿಗೇ ನಿಂತಿತು.

"ನಾನೇ ಅತ್ತೆ. ನೋಡ್ಲಿಲ್ಲ."

"ಹೂಂ. ನೋಡ್ಕೊಂಡು ಇಡಬೇಕಪ್ಪ." ಬೆಂಚಿನ ಮೇಲೆ ಕೂತು ಗೋಡೆಯ ಕಡೆ ಮುಖ ತಿರುಗಿಸಿದರು.

ಕುಂಡವನ್ನು ಎತ್ತಿಕೊಂಡೆ. ಎಲ್ಲಿಡಬೇಕೆಂದು ತಿಳಿಯದೆ ಎದೆಗವಚಿಕೊಂಡು ನಿಂತೇ ಇದ್ದೆ.