ಕ್ಲೀಟಸ್ ಬಿಚ್ಚಿದ ಸರ್ವರ್

"ಅದನ್ನ ಪೆಟ್ಟಿಗೆ ಮೇಲೆ ಇಡಬೇಡಿ" ಎಂದು ಫಿಲೋಮಿನ ಗಂಡ ಕ್ಲೀಟಸ್‌ನ ಶವಪೆಟ್ಟಿಗೆಗೆ ಅಡ್ಡ ಬಂದು, ಚೆಲ್ಲಪ್ಪನ್ ಕೈಯಲ್ಲಿದ್ದ ಹೂಚಕ್ರವನ್ನು ತಡೆದಳು.

"ಫಿಲೋಮಿನಾ, ಇದು ಸಂಘದ ಗೌರವ. ಸತ್ತವರ ಮುಂದೆ ಹಟ ಮಾಡಬಾರದು."

"ಕಳ್ಳನಿಗೆ ಎಂಥ ಗೌರವ ಸಾರ್? ಮೂರು ವಾರದ ಹಿಂದೆ ಇದೇ ಕೈಯಲ್ಲಿ ನೋಟಿಸಿಗೆ ಸಹಿ ಹಾಕಿದ್ದೀರಿ. ನನ್ನ ಗಂಡ ಕಳ್ಳ ಅಂತ ಬರೆದ ಕೈಯಿಂದ ನನಗೆ ಹೂವು ಬೇಡ."

ಚೆಲ್ಲಪ್ಪನ್ ಹೂಚಕ್ರವನ್ನು ಗೋಡೆಗೆ ಒರಗಿಸಿದ. ತೆಂಗಿನ ನಾರಿನ ಸಹಕಾರ ಸಂಘಕ್ಕೆ ಹನ್ನೊಂದು ವರ್ಷದಿಂದ ಅಧ್ಯಕ್ಷನಾಗಿರುವವನು. ಮುಖದ ಮೇಲಿನ ಶೋಕ ಕೂದಲೆಳೆಯಷ್ಟೂ ಕದಲಲಿಲ್ಲ.

ಬೇಲಿಯಾಚೆ ಸಂಘದ ಹಗ್ಗ ಹೊಸೆಯುವ ಹೆಂಗಸರು ನಿಂತಿದ್ದರು. ಯಾರೂ ಅಂಗಳಕ್ಕೆ ಕಾಲಿಟ್ಟಿರಲಿಲ್ಲ.

"ಒಳಗೆ ಬನ್ನಿ ಚೇಚಿ" ಎಂದು ಸಂಘದ ಗುಮಾಸ್ತೆ ಸುಧರ್ಮ ಅವರಲ್ಲಿ ಎಲ್ಲರಿಗೂ ಅಕ್ಕನಂತಿದ್ದ ಹಿರಿಯಳನ್ನು ಕರೆದಳು.

"ನಾನು ಬರಲ್ಲ" ಎಂದಳು ಎಪ್ಪತ್ತೆರಡರ ಕಾರ್ತ್ಯಾಯನಿ. "ನನ್ನ ಪಿಂಚಣಿ ನಿಲ್ಲಿಸಿದ ಆ ಕ್ಲೀಟಸ್ ಮುಖ ನೋಡಲ್ಲ ಅಂತ ಹೇಳಿದ್ದೆ. ಹಾಳು ಕಾಲು, ಕೇಳದೆ ಇಲ್ಲೀತನಕ ಬಂತು."

ಚೆಲ್ಲಪ್ಪನ್ ಸುಧರ್ಮಳನ್ನು ಪಕ್ಕಕ್ಕೆ ಕರೆದ. "ಮಣ್ಣು ಮಾಡಿದ ಮೇಲೆ ಸಂತಾಪ ಸಭೆ. ನೀನೂ ಎರಡು ಮಾತು ಆಡು. ಒಳ್ಳೇದು ಮಾತ್ರ. ಗುರುವಾರ ಸಮಿತೀಲಿ ನಿನ್ನ ಕೆಲಸ ಖಾಯಂ ಮಾಡೋ ವಿಷಯ ಇದೆ, ಗೊತ್ತಲ್ಲ?"

"ಗೊತ್ತು ಸಾರ್" ಎಂದಳು ಸುಧರ್ಮ. ಒಂಬತ್ತು ವರ್ಷದಿಂದ ಕಾಯುತ್ತಿದ್ದವಳಿಗೆ ಗೊತ್ತಿರದೆ ಇರುತ್ತದೆಯೇ?

*

ಸಂಘದಲ್ಲಿ ಮೂರು ಹಳೆಯ ಸರ್ವರುಗಳಿದ್ದವು. ಹಾಜರಿಗೆ ಒಂದು, ಪಿಂಚಣಿ ಪಟ್ಟಿಗೆ ಒಂದು, ಪತ್ರ ವ್ಯವಹಾರಕ್ಕೆ ಒಂದು. ಮೊದಲು ನಾರಿನ ರಾಟೆಗಳ ಮೋಟಾರು ರಿಪೇರಿ ಮಾಡುತ್ತಿದ್ದ ಕ್ಲೀಟಸ್, ಯಾರೂ ಕಲಿಸದೆಯೇ ಕಲಿತು, ಅವನ್ನು ಮಕ್ಕಳ ಹಾಗೆ ಸಾಕಿಕೊಂಡು ಬಂದಿದ್ದ. ಎರ್ನಾಕುಲಂನ ಕಂಪನಿಯವರು ಅವನ್ನೆಲ್ಲ ಕಿತ್ತು ಒಂದೇ ಹೊಸ ಪೆಟ್ಟಿಗೆ ತಂದಿಟ್ಟರು. ಒಂದೇ ಯಂತ್ರದೊಳಗೆ ಮೂರು ಯಂತ್ರಗಳನ್ನು ನಡೆಸುವ ಹೈಪರ್‌ವೈಸರ್ ಅದರಲ್ಲಿತ್ತು. ಉದ್ಘಾಟನೆ ಮುಗಿದದ್ದೇ ಅದಕ್ಕೆ ಜೋಡಿಸಿದ್ದ ಕಂಪ್ಯೂಟರ್ ಪರದೆ ಬಿಚ್ಚಿ, ಕೋಣೆಗೆ ಬೀಗ ಹಾಕಿ, ಮುಚ್ಚಳಕ್ಕಂಟಿಸಿದ ಸೀಲನ್ನು ಮುಟ್ಟಕೂಡದು ಎಂದು ಹೇಳಿ ಹೋದರು.

ನಾಲ್ಕನೇ ತಿಂಗಳು, ಪಿಂಚಣಿ ಪಟ್ಟಿ ಕಳಿಸುವ ವಾರದಲ್ಲೇ ಅದು ನಿಂತುಬಿಟ್ಟಿತು. ಕೋಣೆಯ ಬೀಗದ ಕೈ ಆಗ ಕ್ಲೀಟಸ್ ಪಾಲಿಗೆ ಬಂತು.

"ರೀಸ್ಟಾರ್ಟ್ ಮಾಡಿ" ಎಂದಿತು ಫೋನಿನ ಆ ಕಡೆಯ ಕಂಪನಿಯ ದನಿ.

"ಬೆಳಿಗ್ಗೆಯಿಂದ ಏಳು ಸಲ ಮಾಡಿದೆ ಮೋನೇ. ಇನ್ನು ಅದಕ್ಕೆ ತಲೆ ತಿರುಗುತ್ತೆ."

"ಹಾಗಾದ್ರೆ ನಿಮ್ಮ ಹಳೇ ಡೇಟಾನೇ ಕೆಟ್ಟಿದೆ."

ಕ್ಲೀಟಸ್ ಫೋನಿಟ್ಟು ಲುಂಗಿ ಎತ್ತಿ ಕಟ್ಟಿದ. ಒಳಗಿನ ಮೂರರಲ್ಲಿ ಎರಡನ್ನು ನಿಲ್ಲಿಸಿ ಒಂದನ್ನೇ ನಡೆಸಿದ. ಮರುದಿನ ಇನ್ನೊಂದನ್ನು. ಆಮೇಲೆ ಎರಡೆರಡು ಜೋಡಿ ಮಾಡಿ ನಡೆಸಿದ. ಮೂರನೇ ದಿನ ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಾ ಮಗಳಿಗೆ ಹೇಳುವಂತೆ ಸುಧರ್ಮಳಿಗೆ ಹೇಳಿದ:

"ಒಬ್ಬೊಬ್ಬರೇ ಇದ್ದಾಗ ಮೂವರೂ ಗಟ್ಟಿಮುಟ್ಟು. ಇಬ್ಬಿಬ್ಬರಾದ್ರೂ ಪರವಾಗಿಲ್ಲ. ಮೂವರೂ ಕೂತ ಕೂಡಲೇ ಉಸಿರು ಕಟ್ಟುತ್ತೆ. ಅಂದ್ರೆ ತಪ್ಪು ಅವರದ್ದಲ್ಲ ಮೋಳೇ, ಮನೇನೇ ಸಣ್ಣದು."

ತನ್ನ ಮೇಜಿನ ಪರದೆಯನ್ನೇ ತಂದು ಪೆಟ್ಟಿಗೆಗೆ ಜೋಡಿಸಿದ. ಮೆಮೊರಿ ಹದಿನಾರು ಜಿಬಿ ಎಂದು ತೋರಿಸಿತು. ಒಳಗಿನ ಒಂದೊಂದಕ್ಕೂ ಎಂಟೆಂಟು ಕೊಡುತ್ತೇವೆಂದು ಬರೆದಿಟ್ಟಿದ್ದರು. ಬಿಲ್ಲಿನಲ್ಲಿ ಇದ್ದದ್ದು ಮೂವತ್ತೆರಡು.

"ಒಳಗೆಲ್ಲೋ ಸಡಿಲ ಆಗಿರಬೇಕು" ಎಂದು ಆ ಸಾಧು ಮನುಷ್ಯ ಸೀಲ್ ಹರಿದು ಮುಚ್ಚಳ ತೆಗೆದ. ಮೆಮೊರಿ ಚಿಪ್ ಕೂರಿಸುವ ನಾಲ್ಕು ಜಾಗಗಳಲ್ಲಿ ಎರಡು ಖಾಲಿ ಇದ್ದವು.

ಅಂದೇ ಅಧ್ಯಕ್ಷರಿಗೆ ಪತ್ರ ಬರೆದುಕೊಟ್ಟ. ವಾರದೊಳಗೆ ನೋಟಿಸ್ ಬಂತು. ನೀನು ಸೀಲ್ ಒಡೆದ ದಿನವೇ ಎರಡು ಮೆಮೊರಿ ಚಿಪ್ ಕಳವಾಗಿವೆ, ಮುನ್ನೂರ ಹನ್ನೆರಡು ಹೆಂಗಸರ ಪಿಂಚಣಿ ಪಟ್ಟಿ ನಿನ್ನಿಂದಲೇ ತಡವಾಗಿದೆ, ಪೊಲೀಸರಿಗೆ ಏಕೆ ದೂರು ಕೊಡಬಾರದು?

"ನಾನು ಬರೆದ ಕಾಗದಾನೇ ನನ್ನ ಕುತ್ತಿಗೆಗೆ ಸುತ್ತಿದ್ದಾರೆ" ಎಂದಷ್ಟೇ ಹೇಳಿದ ಕ್ಲೀಟಸ್.

ಇಪ್ಪತ್ತಾರು ವರ್ಷ ಅವನ ಕೈಯಲ್ಲಿ ಮೊಬೈಲಿನಿಂದ ಮಿಕ್ಸಿಯ ತನಕ ರಿಪೇರಿ ಮಾಡಿಸಿಕೊಂಡ ಊರು ಅದು. ಚಹಾದಂಗಡಿಗೆ ಅವನು ಬಂದರೆ ಈಗ ಮಾತು ನಿಲ್ಲಿಸುತ್ತಿತ್ತು. ಮೊನ್ನೆ ದೋಣಿಕಟ್ಟೆಯ ಹತ್ತಿರ ಸೈಕಲ್ಲಿನಿಂದ ಇಳಿದು, ಎದೆ ಹಿಡಿದು ಕೂತವನು ಮತ್ತೆ ಏಳಲಿಲ್ಲ.

*

ಎಲ್ಲರೂ ಹಿಡಿ ಮಣ್ಣು ಹಾಕಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಮೈಕ್ ಇಟ್ಟರು. ಹೆಂಗಸರು ಹಿಂದೆ ಸಾಲಾಗಿ ನಿಂತರು. ಚೆಲ್ಲಪ್ಪನ್ ಗಂಟಲು ಸರಿಮಾಡಿಕೊಂಡ.

"ಮನುಷ್ಯ ಅಂದಮೇಲೆ ಆಸೆ ಸಹಜ, ತಪ್ಪು ಸಹಜ. ನಮ್ಮ ಕ್ಲೀಟಸ್ ಮೇಲಿನ ಆರೋಪವನ್ನ ಸಂಘ ಇವತ್ತು ದೊಡ್ಡ ಮನಸ್ಸಿನಿಂದ ಕ್ಷಮಿಸುತ್ತಿದೆ."

ಕ್ಷಮೆಯಂತೆ! ಮಣ್ಣಿನಡಿ ಮಲಗಿದವನು ಎದ್ದು ಬಂದು ಬೇಡ ಎನ್ನಲಾರ ಎಂಬ ಧೈರ್ಯ. ಸುಧರ್ಮಳ ಮೈಯೆಲ್ಲ ಉರಿದುಹೋಯಿತು. ಗುರುವಾರವೂ ನೆನಪಾಯಿತು, ಮಗಳ ಕಾಲೇಜೂ ನೆನಪಾಯಿತು. ಆದರೂ ಅಣ್ಣನಂತಿದ್ದವನಿಗಾಗಿ ಹೋಗಿ ಮೈಕ್ ಹಿಡಿದಳು.

"ನಿನ್ನೆ ಕ್ಲೀಟಸ್ ಚೇಟ್ಟನ ಶ್ರದ್ಧಾಂಜಲಿ ಫ್ಲೆಕ್ಸಿಗೆ ಫೋಟೋ ಹುಡುಕಿದೆ. ಇಪ್ಪತ್ತಾರು ವರ್ಷದಲ್ಲಿ ಸಂಘದ ಹತ್ರ ಇದ್ದದ್ದು ಒಂದೇ, ಸರ್ವರ್ ಉದ್ಘಾಟನೆದು. ಸಾರ್ ಮುಂದೆ ಗುಂಡಿ ಒತ್ತುತ್ತಿದ್ದಾರೆ, ಚೇಟ್ಟ ಹಿಂದೆ ವೈರ್ ಹಿಡಿದು ನಿಂತಿದ್ದಾರೆ. ಅಂಗಡಿಯವನು ಚೇಟ್ಟನ ಮುಖ ಕತ್ತರಿಸೋಕೆ ಫೋಟೋ ದೊಡ್ಡದು ಮಾಡಿದ. ನಡುವೆ ಪರದೆ ಇದೆ. ಮೆಮೊರಿ ಹದಿನಾರು ಅಂತ ಅದರಲ್ಲೇ ಇದೆ."

"ಸುಧರ್ಮಾ, ಸಾಕು" ಎಂದ ಚೆಲ್ಲಪ್ಪನ್.

"ಸೀಲ್ ಹರಿಯೋಕೆ ನಾಲ್ಕು ತಿಂಗಳು ಮೊದಲೇ ಹದಿನಾರು! ಬಂದ ದಿನಾನೇ ಇಲ್ಲದ್ದನ್ನ ಅವರು ಎಲ್ಲಿಂದ ಕದೀತಾರೆ?"

ಯಾರೋ ಮೈಕ್ ಆರಿಸಿದರು. ಅವಳು ಬರಿಯ ಗಂಟಲಲ್ಲೇ ಕೂಗಿದಳು. "ಅದೇ ಫೋಟೋನ ಸಂಘದ ಗೇಟಿನ ಮೇಲೆ ಹನ್ನೆರಡಡಿ ಅಗಲ ಕಟ್ಟಿಸಿದ್ದಾರೆ! ದಿನಾ ಅದರಡೀಲೇ ಓಡಾಡಿದ್ದೀವಿ. ಹೋಗಿ ನೋಡಿ!"

ಚೆಲ್ಲಪ್ಪನ್ ತನ್ನ ಡ್ರೈವರನ ಕಿವಿಯಲ್ಲಿ ಏನೋ ಹೇಳಿದ. ಡ್ರೈವರ್ ಕಾರಿನತ್ತ ಓಡಿದ್ದನ್ನು ಎಲ್ಲರಿಗಿಂತ ಮೊದಲು ಕಂಡವಳು ಕಾರ್ತ್ಯಾಯನಿ.

"ನಡೀರೇ!" ಎಂದಳು.

ಹೆಂಗಸರು ಗೇಟು ತಲುಪುವಾಗ ಡ್ರೈವರ್ ಏಣಿ ಹತ್ತಿ ಫ್ಲೆಕ್ಸಿನ ಒಂದು ಮೂಲೆ ಕೊಯ್ದಾಗಿತ್ತು.

"ಹಳೇದಾಯ್ತು, ಬಿಚ್ಚು ಅಂದ್ರು ಸಾರ್" ಎಂದ ಅವನು ಮೇಲಿನಿಂದಲೇ.

"ಇಳಿಯೋ ಕೆಳಗೆ! ನಿಮ್ಮಮ್ಮನ ಹೆಸರೂ ಆ ಪಿಂಚಣಿ ಪಟ್ಟೀಲಿತ್ತು" ಎಂದು ಕಾರ್ತ್ಯಾಯನಿ ಗದರಿದಳು.

ಅವನು ಇಳಿದ. ಕಾರ್ತ್ಯಾಯನಿ ಉಟ್ಟ ಮುಂಡು ಎತ್ತಿ ಸಿಕ್ಕಿಸಿಕೊಂಡು ಏಣಿ ಹತ್ತಿದಳು. ಬೇಡ ಅಂದವರನ್ನೆಲ್ಲ ಬೈದಳು. ಇಂಗ್ಲಿಷ್ ಅವಳಿಗೆ ಬಾರದು. ಆದರೆ ಹಗ್ಗದ ಕಟ್ಟುಗಳ ಚೀಟಿಯ ಮೇಲೆ ಐವತ್ತು ವರ್ಷ ನೋಡಿದ ಅಂಕಿಗಳು ಗೊತ್ತು. ಅಧ್ಯಕ್ಷನ ನಗುಮುಖವನ್ನು ದಾಟಿ ಅವಳ ಬೆರಳು ಪರದೆಯ ಮೇಲೆ ಹುಡುಕಿತು, ಒಂದು ಕಡೆ ನಿಂತಿತು.

"ಒಂದು" ಎಂದಳು. "ಆರು."

ಕೈಯಲ್ಲಿನ್ನೂ ಗೋರಿಯ ಮಣ್ಣಿದ್ದ ಫಿಲೋಮಿನ ಗುಂಪು ಸರಿಸಿಕೊಂಡು ಮುಂದೆ ಬಂದು ಏಣಿಯ ಬುಡ ಹಿಡಿದುಕೊಂಡಳು.

"ಇನ್ನೊಂದು ಸಲ ಓದಿ ಚೇಚಿ" ಎಂದಳು. "ಊರಿಗೆಲ್ಲ ಕೇಳೋ ಹಾಗೆ."

ಕಾರ್ತ್ಯಾಯನಿ ಓದಲು ಬಾಯಿ ತೆರೆದಳು. ಆದರೆ ಬೆರಳನ್ನು ಆ ಅಂಕಿಯಿಂದ ತೆಗೆಯದೆ, ಇನ್ನೊಂದು ಕೈಯಿಂದ ಏಣಿ ಹಿಡಿದು, ಅವಳು ಬಿಕ್ಕಿ ಬಿಕ್ಕಿ ಅಳತೊಡಗಿದಳು.