ಜಾರುವ ಮಂಚ

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಎದ್ದಾಗ ಗಂಟಲವರೆಗೆ ಹುಳಿ ಬಂದಿತ್ತು. ಎದೆ ಉರಿಯುತ್ತಿತ್ತು. ಅದು ದುಃಖವಲ್ಲ, ಹೊಟ್ಟೆಯ ಆಮ್ಲ ಎಂದು ತಕ್ಷಣ ತಿಳಿಯಿತು. ಗಂಡನಿಗೆ ಈ ಕಾಯಿಲೆ ಹಳೆಯದಾಗಿತ್ತು. ಲಕ್ಷಣಗಳೆಲ್ಲ ನನಗೆ ಬಾಯಿಪಾಠ. ಅವನನ್ನು ಕೊಂದದ್ದು ಹೊಟ್ಟೆಯಲ್ಲ, ಒಂದು ಲಾರಿ. ಅಂದಿನಿಂದ ನಾನು ಬರೀ ಕಾಫಿಯಲ್ಲಿ ಬದುಕಿದ್ದೆ.

ಅಡುಗೆಮನೆಯ ಬಾಗಿಲು ಬಡಿಯದಂತೆ ಒಂದು ಮರದ ತುಂಡು ಇಟ್ಟಿದ್ದರು. ಹಿಂಬಾಗಿಲಿಗೆ ಇನ್ನೊಂದು.

"ಅತ್ತೆ, ಇವು ಮಂಚದ ಕೆಳಗಿದ್ದವಲ್ವಾ?"

"ನಿಮ್ಮ ಚಿಕ್ಕಮ್ಮ ನೆಲ ಒರೆಸೋಕೆ ಅಂತ ತೆಗೆದ್ರು. ಇನ್ಯಾರಿಗೆ ಬೇಕು ಅಂದ್ರು." ಅತ್ತೆ ಪಾತ್ರೆಯಿಂದ ತಲೆ ಎತ್ತಲಿಲ್ಲ. "ಆ ಯೋಗದ ಡಾಕ್ಟರಮ್ಮಂದು. ಎರಡು ದಿನಕ್ಕೆ ಅಂತ ಕೇಳಿ ತಂದಿದ್ದ ಮಹರಾಯ. ಕೊಟ್ಟು ಬಾ."

ಮಲಗಿದಾಗ ಆಮ್ಲ ಮೇಲೇರದಿರಲೆಂದು ನನ್ನ ಗಂಡ ಮಂಚದ ತಲೆಕಡೆಯ ಎರಡು ಕಾಲುಗಳ ಕೆಳಗೆ ಅವನ್ನು ಇಟ್ಟಿದ್ದ. ನಾವಿಬ್ಬರೂ ರಾತ್ರಿಯಿಡೀ ಕಾಲಕಡೆಗೆ ಜಾರುತ್ತಿದ್ದೆವು. ಅತ್ತೆ ಅದನ್ನು ಜಾರುಬಂಡೆ ಎನ್ನುತ್ತಿದ್ದರು.

ಕೆಲಸಕ್ಕೆ ಹೋದೆ. ನಾನು ಓದಿದ್ದು ರಸಾಯನಶಾಸ್ತ್ರ; ಸಂಬಳ ಬರುವುದು ನಾಲಿಗೆಯಿಂದ. ಚಹಾ ಕಂಪನಿಯಲ್ಲಿ ರುಚಿ ನೋಡುತ್ತೇನೆ. ಉದ್ದನೆಯ ಮೇಜು, ಸಾಲಾಗಿ ಪಿಂಗಾಣಿ ಕಪ್ಪುಗಳು. ಚಮಚದಿಂದ ಸದ್ದು ಮಾಡಿ ಹೀರಬೇಕು, ಉಗುಳಬೇಕು, ಹೇಳಬೇಕು. ಅಂದು ಎಲ್ಲ ಕಪ್ಪಿನ ಚಹಾವೂ ತುಕ್ಕು ಹಿಡಿದ ಮೊಳೆಯಂತೆ ರುಚಿಸಿತು.

ನಮ್ಮ ಹಿರಿಯ ರುಚಿಗಾರರನ್ನು ಬೆನ್ನ ಹಿಂದೆ ಎಲ್ಲರೂ ದೊಡ್ಡ ನಾಲಿಗೆ ಎನ್ನುತ್ತಾರೆ. ಅವರು ನನ್ನನ್ನು ಪಕ್ಕಕ್ಕೆ ಕರೆದರು.

"ರಜ ತಗೋ ಅಂದ್ರೆ ನೀನು ಕೇಳೋಳಲ್ಲ. ಮುಂದಿನ ಚಹಾ ಹರಾಜಿನ ಹೊತ್ತಿಗೆ ಬಾಯಿ ಸರಿಮಾಡ್ಕೋ. ಇಲ್ಲಾಂದ್ರೆ ಆಫೀಸು ಮೇಜಿಗೆ ಹಾಕ್ಬೇಕಾಗುತ್ತಮ್ಮ."

ರುಚಿ ನೋಡುವ ಆ ಉದ್ದನೆಯ ಮೇಜೊಂದನ್ನು ಬಿಟ್ಟರೆ ನನಗೆ ಉಳಿದಿದ್ದು ಕಡಿಮೆ. ಅದನ್ನು ಬಿಟ್ಟುಕೊಡುವುದಿಲ್ಲ ಎಂದುಕೊಂಡೆ.

ಸಂಜೆ ಮರದ ತುಂಡುಗಳನ್ನು ಚೀಲಕ್ಕೆ ಹಾಕಿಕೊಂಡು ಹೋದೆ. ಡಾಕ್ಟರಮ್ಮ ಆಯುರ್ವೇದ ಓದಿದವರು, ದವಾಖಾನೆಯ ಮೇಲಿನ ಮಹಡಿಯಲ್ಲಿ ಯೋಗ ಹೇಳಿಕೊಡುತ್ತಾರೆ; ಮೈ ಬಗ್ಗದವರಿಗೆ ಆಸರೆಯಾಗಿ ಕೊಡುವ ತುಂಡುಗಳಿವು. ನಾಲಿಗೆ ನೋಡಿದರು, ನಾಡಿ ಹಿಡಿದರು.

"ಪಿತ್ತ ಮಿತಿಮೀರಿದೆ. ಈ ತುಂಡು ವಾಪಸ್ ಒಯ್ದು ನಿನ್ನ ತಲೆಕಡೆಗೇ ಇಟ್ಕೋ. ಕಾಫಿ, ಖಾರ, ಹುಳಿ, ಕರಿದದ್ದು ಬಂದ್. ಹೊಟ್ಟೆ ಖಾಲಿ ಬಿಡಬೇಡ. ಕತ್ತಲಾಗೋ ಮುಂಚೆ ಗಂಜಿ ಕುಡಿ. ಉಂಡ ಮೇಲೆ ವಜ್ರಾಸನ, ಮಲಗೋವಾಗ ಎಡಮಗ್ಗುಲು. ಬೆಳಿಗ್ಗೆ ಶೀತಲಿ. ನಾಲಿಗೆ ಸುರುಳಿ ಮಾಡಿ ಗಾಳಿ ಎಳೀಬೇಕು."

"ಅದನ್ನ ದಿನವಿಡೀ ಮಾಡ್ತೀನಲ್ಲ, ಸಂಬಳಕ್ಕೆ."

"ಚಹಾ ಇಲ್ದೆ ಮಾಡಿ ನೋಡು. ಬಿಪಿ ಇಲ್ಲ ತಾನೆ?"

ಇಲ್ಲವೆಂದೆ. ನೆನೆಸಿದ ಕೊತ್ತಂಬರಿ ಬೀಜದ ನೀರು ಹೇಳಿದರು, ಬೆಳಿಗ್ಗೆ ರಾತ್ರಿ ಚಿಟಿಕೆ ತಿನ್ನಲು ಜೇಷ್ಠಮಧು ಪುಡಿಯ ಪೊಟ್ಟಣ ಕೊಟ್ಟರು.

ಅತ್ತೆ ಕಾಫಿ ಡಬ್ಬಿಯನ್ನು ಬಚ್ಚಿಟ್ಟರು. ತಲೆ ಸಿಡಿಯಿತು, ಬೈದುಕೊಂಡೆ, ಗಂಜಿ ಕುಡಿದೆ. ವಜ್ರಾಸನದಲ್ಲಿ ಕೂತರೆ ಅತ್ತೆ ಎದುರು ಬಂದು ಕೂರುತ್ತಿದ್ದರು. "ನನ್ನ ಮಂಡಿ ಬಗ್ಗಲ್ಲ. ನಿನ್ನ ಕಾವಲಿಗೆ ಕೂತಿದೀನಿ." ರಾತ್ರಿ ಒಬ್ಬಳೇ ಜಾರಿದೆ. ಉರಿ ಇಳಿಯಿತು. ಇಳಿಯುತ್ತದೆಂದು ನನಗೆ ಗೊತ್ತಿತ್ತು.

ಹರಾಜು ಹತ್ತಿರವಾಗಿತ್ತು. ದೊಡ್ಡ ನಾಲಿಗೆ ತಾವೇ ಕಪ್ಪುಗಳನ್ನು ಜೋಡಿಸಿದರು. ಎಲ್ಲವೂ ಮೃದು, ಉಗುಳಿದ ಮೇಲೂ ಸಿಹಿ ಉಳಿಯುತ್ತದೆ ಎಂದೆ.

"ಮೂರನೇದು ಹಳೇ ಮಾಲು. ಬೇಕಂತಲೇ ಇಟ್ಟಿದ್ದೆ."

ಬಾಯಿ ಮುಕ್ಕಳಿಸಲು ನೀರು ತೆಗೆದುಕೊಂಡೆ. ನೀರೂ ಸಿಹಿ. ನಗು ಬಂತು. ಸಾವಿನ ನಂತರ ಅದೇ ಮೊದಲು.

"ನಾಲಿಗೆ ಕೆಟ್ಟಿಲ್ಲ ಸರ್. ಬೆಳಿಗ್ಗೆ ಜೇಷ್ಠಮಧು ತಿಂದು ಬಂದಿದೀನಿ. ಅದರ ಸಿಹಿ ಬೇಗ ಹೋಗಲ್ಲ. ನಾಳೆ ಇವನ್ನೇ ಇಡಿ."

"ರಸಾಯನಶಾಸ್ತ್ರ ಓದಿದ ಮಹಾತಾಯಿ!" ಎಂದರು. ಆದರೆ ಆಗಲ್ಲ ಎನ್ನಲಿಲ್ಲ.

ಸಂಜೆ ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. "ನಿನ್ನ ಕಸುಬೇ ಮರೆತೆ ನೋಡು. ಇನ್ಮೇಲೆ ರಾತ್ರಿ ಮಾತ್ರ. ಅದೂ ಈ ಪೊಟ್ಟಣ ಮುಗಿಯೋವರೆಗೆ."

ಮರುದಿನ ಕೊತ್ತಂಬರಿ ನೀರು ಕುಡಿದು, ಒಂದು ಬಾಳೆಹಣ್ಣು ತಿಂದು ಹೋದೆ. ಕಪ್ಪುಗಳ ಜಾಗ ಬದಲಾಗಿತ್ತು. ಹಳೆ ಮಾಲು ಕೊನೆಯ ಕಪ್ಪಿನಲ್ಲಿ ಸಿಕ್ಕಿತು. ಎರಡನೆಯದರ ಮುಂದೆ ನಿಂತೆ.

"ಇದರ ಮೂಟೆ ಸಾಬೂನಿನ ಪಕ್ಕದಲ್ಲಿತ್ತು ಸರ್."

ಅವರು ಹೀರಿದರು. ಮತ್ತೆ ಹೀರಿದರು. ಗೋದಾಮಿಗೆ ಹೋಗಿ ಬಂದರು. ಹರಾಜಿನ ಮಾದರಿಗಳಿದ್ದ ತಟ್ಟೆಯನ್ನು ನನ್ನ ಕಡೆಗೆ ತಳ್ಳಿದರು.

ಹರಾಜು ಮುಗಿದ ಮೇಲೂ ಉರಿ ಮರಳಲಿಲ್ಲ. ಒಂದು ಭಾನುವಾರ ನಾನು ಮಂಚದ ತಲೆಕಡೆ ಎತ್ತಿ ಹಿಡಿದೆ. ಅತ್ತೆ ತುಂಡುಗಳನ್ನು ಎಳೆದುಕೊಂಡರು.

"ಮತ್ತೆ ಉರಿ ಬಂದ್ರೆ?"

"ಏನು ಮಾಡ್ಬೇಕು ಅಂತ ಗೊತ್ತಿದೆ ಅತ್ತೆ."

ಮಂಚ ಸಮವಾಗಿ ಕೂತಿತು. ಅತ್ತೆ ಅದರ ಮೇಲೆ ಕೈಯಾಡಿಸಿದರು.

ವಾಪಸ್ ಕೊಡಲು ಹೋದಾಗ ಮಹಡಿಯಲ್ಲಿ ಯೋಗದ ತರಗತಿ ಶುರುವಾಗುವುದರಲ್ಲಿತ್ತು. ಡಾಕ್ಟರಮ್ಮ ತುಂಡುಗಳನ್ನು ತಿರುಗಿಸಿ ನೋಡಿದರು. ಎರಡರಲ್ಲೂ ಮಂಚದ ಕಾಲಿನ ಗುರುತು ಬಿದ್ದಿತ್ತು.

"ಎರಡು ದಿನಕ್ಕೆ ಅಂದಿದ್ದ ಪುಣ್ಯಾತ್ಮ. ಇದೊಂದು ಯಾಕೆ ಇಷ್ಟು ಆಳ?"

"ಅದು ಅವನ ಕಡೇದು. ಅವನು ಭಾರ ಇದ್ದ."

"ಗುರುತು ಉಜ್ಜಿಸಿಬಿಡ್ಲಾ?"

"ನಿಮ್ಮ ಸಾಮಾನು. ನಿಮ್ಮಿಷ್ಟ."

ಅವರು ಉಜ್ಜಿಸುವ ಮಾತು ಮತ್ತೆ ಎತ್ತಲಿಲ್ಲ. ಆಳದ ಗುರುತನ್ನು ಕೆಳಮುಖ ಮಾಡಿ, ಕೂರಲಾಗದೆ ಒದ್ದಾಡುತ್ತಿದ್ದ ಒಬ್ಬ ಹೆಂಗಸಿನ ಮಂಡಿಯ ಕೆಳಗೆ ಸರಿಸಿದರು. ಅವಳು ಉಸ್ಸೆಂದು ಕೂತಳು. ನಾನು ಖಾಲಿ ಚೀಲ ಮಡಿಸಿಕೊಂಡೆ.