ಹಗಲು ಮಲಗುವವಳ ಮನೆ

ಮಾದರಿ ಮನೆಗಳ ಸ್ಪರ್ಧೆಗೆಂದು ಈ ಮನೆ ಕಟ್ಟಿದ ಕಾಲೇಜು ಹುಡುಗರು ಬಿಸಿಲನ್ನು ನೆಂಟನ ಹಾಗೆ ಒಳಗೆ ಕರೆದು ಕೂರಿಸಿದ್ದರು. ಸೂರಿನ ಮೇಲೆ ಸೋಲಾರ್ ಫಲಕ, ಗೋಡೆಗೆ ಸುಡದ ಮಣ್ಣಿನ ಇಟ್ಟಿಗೆ, ನೆತ್ತಿಯಲ್ಲಿ ಅಗಲವಾದ ಗಾಜು. ಹಗಲಲ್ಲಿ ಒಂದು ದೀಪವೂ ಬೇಡ. ತೀರ್ಪುಗಾರರು ಬರುವ ಮೊದಲು ಒಂದು ಸಂಸಾರ ಅದರಲ್ಲಿ ಬಾಳಿ ತೋರಿಸಬೇಕೆಂಬುದು ಸ್ಪರ್ಧೆಯ ನಿಯಮ. ಬಾಳಿದವರಿಗೇ ಮನೆ ಉಳಿಯಬೇಕೆಂಬುದು ಹುಡುಗರ ಹಟ. ಹಾಗಾಗಿ ಬಾಡಿಗೆ ಕೋಣೆಯಿಂದ ಹೊರಬಿದ್ದಿದ್ದ ಗೂಬಕ್ಕ, ನಾದಿನಿಯ ಜೊತೆ ಅಲ್ಲಿಗೆ ಬಂದಳು.

ಗೂಬಕ್ಕ ಆಸ್ಪತ್ರೆಯ ರಾತ್ರಿಪಾಳಿಯಲ್ಲಿ ನೆಲ ಒರೆಸುವವಳು. ಊರು ಏಳುವಾಗ ಮಲಗುತ್ತಾಳೆಂದೇ ಓಣಿಯವರು ಆ ಹೆಸರಿಟ್ಟಿದ್ದರು. ಹೊಸ ಮನೆಯಲ್ಲಿ ಅವಳಿಗೆ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಸೀರೆ ಹೊದ್ದರೂ ಬೆಳಕು ರೆಪ್ಪೆ ತೂರಿ ಬರುತ್ತಿತ್ತು. ಕೊನೆಗೆ ಮಂಚದ ಕೆಳಗೆ ತೂರಿಕೊಂಡಳು. ಅತ್ತಿಗೆ ಮನೆಗೆ ಬಂದಳೋ ಇಲಿಬೋನಿಗೆ ಬಂದಳೋ ಎಂದು ನಾದಿನಿ ನಕ್ಕಳು, ಹುಡುಗರಿಗೆ ಹೇಳಿಬಿಡು ಎಂದಳು.

“ಸುಮ್ನಿರೇ. ಪುಕ್ಕಟೆ ಮನೇಲಿ ಬೆಳಕು ಜಾಸ್ತಿ ಅಂತ ದೂರೋಕಾಗುತ್ತಾ? ನಾಳೆ ಬೀದೀಲಿರ್ತೀವಿ.”

ಬಡವರು ಬಾಯಿಗೆ ಬಟ್ಟೆ ತುರುಕಿಕೊಂಡೇ ಕೃತಜ್ಞರಾಗಿರಬೇಕೆಂದು ಲೋಕ ಅವಳಿಗೆ ಚೆನ್ನಾಗಿಯೇ ಕಲಿಸಿತ್ತು. ಆದರೆ ಆ ವಾರ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತಲ್ಲೇ ತೂಕಡಿಸಿ ಬಕೆಟ್ ಉರುಳಿಸಿದಳು. ಇನ್ನೊಮ್ಮೆ ಹೀಗಾದರೆ ಕೆಲಸಕ್ಕೆ ಬರಬೇಡ ಎಂದ ಮೇಸ್ತ್ರಿ. ಮನೆ ಉಳಿಸಿಕೊಳ್ಳಲು ಹೋದರೆ ಅನ್ನ ಹೋಗುತ್ತದೆ, ಅನ್ನ ಉಳಿಸಿಕೊಳ್ಳಲು ಬಾಯಿ ಬಿಟ್ಟರೆ ಮನೆ.

ಮರುದಿನ ಒಳಗಿನ ಕಾವು ಅಳೆಯಲು ಬಂದ, ಅದೇ ತಂಡದ ಕನ್ನಡಕದ ಹುಡುಗಿಗೆ ಮೊದಲು ಕಂಡಿದ್ದು ಮಂಚದಡಿಯಿಂದ ಚಾಚಿದ್ದ ಎರಡು ಪಾದ. ಅವಳು ಸದ್ದಿಲ್ಲದೆ ನೆಲದ ಮೇಲೆ ಕುಳಿತಳು.

“ಅಕ್ಕಾ, ನೀವು ಮಲಗೋದು ಯಾವಾಗ?”

“ಬೆಳಗಾದ ಮೇಲಮ್ಮಾ.”

ಹುಡುಗಿ ನಾಲಿಗೆ ಕಚ್ಚಿಕೊಂಡಳು. ಗಾಳಿ ಅಳೆದಿದ್ದರು, ನೀರು ಅಳೆದಿದ್ದರು, ನೆರಳನ್ನೂ ಅಳೆದಿದ್ದರು. ಇದೊಂದನ್ನು ಯಾರೂ ಕೇಳಿರಲಿಲ್ಲ. “ಮನೆ ನಿಮ್ದೇ, ಅದನ್ನ ಯಾರೂ ಕಿತ್ಕೊಳ್ಳಲ್ಲ. ತಪ್ಪು ನಮ್ದು,” ಎಂದಳು.

ಹುಡುಗರು ಗಾಜಿನಡಿಗೆ ಸರಿಯುವ ಮರದ ಮುಚ್ಚಳ ಕೂರಿಸಿದರು. ಗೋಡೆಯ ಬುಡದಲ್ಲಿ ತಂಪು ಗಾಳಿಗೆ ಕಿಂಡಿ ಕೊರೆದರು. ಬೆಳಕಿಗೇ ಅಂಕವಿರುವಾಗ ಬೆಳಕನ್ನೇ ಮುಚ್ಚುತ್ತೀರಾ ಎಂದು ಅವರ ಕಾಲೇಜಿನ ಮೇಷ್ಟ್ರು ಕೂಗಾಡಿದರು. ಹುಡುಗರು ತಲೆ ತಗ್ಗಿಸಿ ಕೇಳಿಸಿಕೊಂಡು ಮೊಳೆ ಹೊಡೆಯುತ್ತಲೇ ಇದ್ದರು.

ತೀರ್ಪುಗಾರರು ನಡುಮಧ್ಯಾಹ್ನ ಬಂದರು. ಗೂಬಕ್ಕನಿಗೆ ಅದರ ಅರಿವೇ ಇಲ್ಲ, ಗೊರಕೆ ಹೊಡೆಯುತ್ತಿದ್ದಳು. ನಡೆದದ್ದನ್ನು ಸಂಜೆ ನಾದಿನಿ ಕಣ್ಣರಳಿಸಿಕೊಂಡು ಹೇಳಿದಳು. ಕನ್ನಡಕದ ಹುಡುಗಿ ಬಾಗಿಲಿಗೆ ಅಡ್ಡ ನಿಂತಳಂತೆ.

“ಮನೆಯವರು ಮಲಗಿದಾರೆ ಸರ್. ಸಂಜೆ ಬನ್ನಿ.”

ಮೇಷ್ಟ್ರ ಮುಖದಲ್ಲಿ ರಕ್ತವೇ ಇರಲಿಲ್ಲವಂತೆ. ತೀರ್ಪುಗಾರರು ಒಬ್ಬರ ಮುಖ ಒಬ್ಬರು ನೋಡಿ ಹೊರಟುಹೋದರಂತೆ. ಮತ್ತೆ ಬರುತ್ತಾರೋ ಇಲ್ಲವೋ.

ಗೂಬಕ್ಕ ಬಾಗಿಲು ತೆರೆದಳು. ಹುಡುಗರೆಲ್ಲ ಮೆಟ್ಟಿಲ ಮೇಲೆ ಚಪ್ಪಲಿ ಬಿಚ್ಚಿಟ್ಟು ಕುಳಿತು ಪಿಸುಗುಡುತ್ತಿದ್ದರು. ಹುಟ್ಟಿದಾಗಿನಿಂದ ಅವಳ ನಿದ್ದೆಗೆಂದು ಯಾರೂ ದನಿ ತಗ್ಗಿಸಿರಲಿಲ್ಲ. ಏನೇನೋ ಹೇಳಬೇಕೆಂದುಕೊಂಡಳು.

“ಒಳಗೆ ಬನ್ರಪ್ಪಾ,” ಎಂದಳು. “ಇನ್ನು ಎಷ್ಟು ಬೇಕಾದ್ರೂ ಗಲಾಟೆ ಮಾಡಿ.”